ಬೋಲ್ಟು ಮುರಿದ ಮೇಲಿನ ಹತ್ತು ನಿಮಿಷ

ಮನೆಯಲ್ಲೇ ಬೈಕಿನ ಎಂಜಿನ್ ಬಿಚ್ಚುವ ಗಂಡಸರ ಬಗ್ಗೆ ಆ ಮನೆಯ ಹೆಂಗಸರಿಗೆ ಒಂದು ಖಚಿತ ಅಭಿಪ್ರಾಯವಿರುತ್ತದೆ. ಅದನ್ನು ಇಲ್ಲಿ ಬರೆಯುವುದು ಬೇಡ. ನ್ಯಾಯವೂ ಅವರ ಕಡೆಗೇ ಇದೆ ಅನ್ನಿ. ಚಕ್ಕುಲಿ ತುಂಬಬೇಕಾದ ಡಬ್ಬಿಯಲ್ಲಿ ನಟ್ಟುಗಳು, ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಡೀಸೆಲ್ಲಿನಲ್ಲಿ ನೆನೆಹಾಕಿದ ಚೈನು, ಇನ್ನೂ ಯಾರೂ ಓದದ ಭಾನುವಾರದ ಪುರವಣಿಯ ಮೇಲೆ ಕರಿ ಮೆತ್ತಿದ ಪಿಸ್ಟನ್ನು. ‘ರೀ, ಮೆಕ್ಯಾನಿಕ್ಕಿಗೆ ಕೊಟ್ಟಿದ್ರೆ ಇಷ್ಟೊತ್ತಿಗೆ ಆಗಿರ್ತಿತ್ತಲ್ವಾ?’ ಎಂಬ ಪ್ರಶ್ನೆಗೆ ಯಾವ ಗಂಡನೂ ಸಮಾಧಾನಕರ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ.

ನಮ್ಮ ಕಡೆ ಈ ಚಟಕ್ಕೆ ಬಿದ್ದವರಲ್ಲಿ ಬಹಳ ಜನರ ಅಂಗಳದಲ್ಲಿ ನಿಂತಿರುವುದು ಮೈಸೂರಿನ ಜಾವಾ ಇಲ್ಲವೇ ಯೆಜ್ದಿ. ಅರವತ್ತರ ದಶಕದ ಮೊದಲಲ್ಲಿ ಗಾಡಿ ತಯಾರಿಸತೊಡಗಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಗಾಡಿಗಳು ಮಾತ್ರ ನಿವೃತ್ತಿಗೆ ಒಪ್ಪಿಲ್ಲ. ಗೇರ್ ಲಿವರನ್ನೇ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುವ ಈ 250 ಸಿಸಿ ಟೂ-ಸ್ಟ್ರೋಕ್ ಗಾಡಿಯ ಎಂಜಿನ್ನು ನೋಡಲು ಬಲು ಸಾಧು. ವಾಲ್ವಿಲ್ಲ, ಕ್ಯಾಮ್ ಶಾಫ್ಟಿಲ್ಲ, ಟೈಮಿಂಗ್ ಚೈನಿಲ್ಲ. 65 ಮಿ.ಮೀ. ಅಗಲದ ಸಿಲಿಂಡರಿನಲ್ಲಿ 75 ಮಿ.ಮೀ. ಮೇಲೆ ಕೆಳಗೆ ಓಡಾಡುವ ಒಂದು ಪಿಸ್ಟನ್ನು, ಅಷ್ಟೇ. ಕೆಲವೇ ನಟ್ಟು ಬಿಚ್ಚಿದರೆ ಹೆಡ್ಡು ಕೈಗೆ ಬರುತ್ತದೆ. ‘ಇಷ್ಟೇನಾ!’ ಎಂದು ಮನುಷ್ಯ ಉಬ್ಬುವುದು ಆಗಲೇ. ತೊಂದರೆ ಶುರುವಾಗುವುದೂ ಆಗಲೇ.

ಮೊದಲ ತೊಂದರೆ, ಜಪ್ಪಯ್ಯ ಅಂದರೂ ಕದಲದ ಸ್ಟಡ್ಡು. ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸಿನೊಳಗೆ ಉಕ್ಕಿನ ಸ್ಟಡ್ಡು ನಲವತ್ತು ಮಳೆಗಾಲ ಕಳೆದಿರುತ್ತದೆ. ಎರಡು ಲೋಹಗಳೂ ತುಕ್ಕಿನಲ್ಲಿ ಒಂದಾಗಿ ಹೋಗಿರುತ್ತವೆ. ಸ್ಪ್ಯಾನರಿಗೆ ನೀರಿನ ಪೈಪು ಸಿಕ್ಕಿಸಿ ಜಗ್ಗಿದಾಗ ಸ್ಟಡ್ಡು ಮೊದಲು ಕೊಂಚ ತಿರುಗಿದಂತೆ ಅನಿಸುತ್ತದೆ. ಕೈಗೆ ಅದು ಬೆಣ್ಣೆಯಂತೆ ಮೆತ್ತಗಾಗಿ ತಿಳಿಯುತ್ತದೆ. ಸಡಿಲವಾಯಿತು ಎಂಬ ಸಂತೋಷದಲ್ಲಿ ಇನ್ನೊಂದು ಸಲ ಜಗ್ಗಿದರೆ ‘ಟಕ್’. ಸ್ಟಡ್ಡಿನ ಅರ್ಧ ಸ್ಪ್ಯಾನರಿನಲ್ಲಿ, ಅರ್ಧ ಎಂಜಿನ್ನಿನಲ್ಲಿ. ಮೊದಲು ಮೆತ್ತಗಾದದ್ದು ಉಕ್ಕು ಹಿಂಡಿಕೊಳ್ಳುತ್ತಿದ್ದ ಲಕ್ಷಣ.

ಇಲ್ಲಿಯವರೆಗೆ ಆದ ನಷ್ಟ ದೊಡ್ಡದಲ್ಲ. ಸ್ಟಡ್ಡಿನ ತುದಿ ಕೊಂಚ ಮೇಲಿದ್ದರೆ ಎರಡು ನಟ್ಟು ಹಾಕಿ ಒಂದಕ್ಕೊಂದು ಬಿಗಿದು, ಕೆಳಗಿನದನ್ನು ಹಿಡಿದು ತಿರುಗಿಸಿ ತೆಗೆಯಬಹುದು. ಹಿಂದಿನ ರಾತ್ರಿಯೇ ತೆಳ್ಳನೆಯ ಎಣ್ಣೆ ಬಿಟ್ಟಿದ್ದರೆ, ಸುತ್ತಲಿನ ಅಲ್ಯೂಮಿನಿಯಮ್ಮನ್ನು ಹದವಾಗಿ ಕಾಯಿಸಿದರೆ ಇನ್ನೂ ಸಲೀಸು. ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗಿ ಹಿಡಿತ ಬಿಡುತ್ತದೆ. ಸ್ಟಡ್ಡು ಮಟ್ಟಸವಾಗಿ ಮುರಿದಿದ್ದರೂ ಲೇತ್ ಅಂಗಡಿಯವರು ಮೇಲೊಂದು ನಟ್ಟು ವೆಲ್ಡ್ ಮಾಡಿ ತೆಗೆದುಕೊಡುತ್ತಾರೆ. ಅನಾಹುತವಾಗುವುದು ‘ಟಕ್’ ಎಂದ ಮೇಲಿನ ಹತ್ತು ನಿಮಿಷದಲ್ಲಿ. ಮೈಯೆಲ್ಲ ಉರಿಯುತ್ತಿರುತ್ತದೆ. ಗೋಡೆಗೆ ಮೊಳೆ ಹೊಡೆಯಲು ತಂದ ಡ್ರಿಲ್ಲು ಎದುರಿಗೇ ಇರುತ್ತದೆ. ಗಟ್ಟಿ ಉಕ್ಕಿನ ಮೇಲೆ ಡ್ರಿಲ್ಲಿನ ಬಿಟ್ಟು ನಿಲ್ಲದೆ ಜಾರಿ ಪಕ್ಕದ ಮೆದು ಅಲ್ಯೂಮಿನಿಯಮ್ಮಿಗೆ ಇಳಿಯುತ್ತದೆ. ನೂರಿನ್ನೂರು ರೂಪಾಯಿಯ ಕೆಲಸ ಕ್ರ್ಯಾಂಕ್‌ಕೇಸನ್ನೇ ಗುಜರಿಯಲ್ಲಿ ಹುಡುಕುವ ಕೆಲಸವಾಗುತ್ತದೆ. ಮೊದಲ ಪೆಟ್ಟು ಗಾಡಿಯದು, ಎರಡನೆಯದು ನಮ್ಮದೇ. ಮನೆ ರಿಪೇರಿಯ ಬಹುತೇಕ ಕತೆಗಳಲ್ಲಿ ದುಬಾರಿಯಾಗುವುದು ಎರಡನೆಯದು.

ಸರ್‌ಕ್ಲಿಪ್ಪಿನ ಪ್ರಕರಣವೂ ಇದೇ ಜಾತಿಯದು. ಪಿಸ್ಟನ್ನಿನ ಪಿನ್ನು ಪಕ್ಕಕ್ಕೆ ಸರಿಯದಂತೆ ಎರಡೂ ತುದಿಯಲ್ಲಿ ಉಗುರಿನಷ್ಟು ಗಾತ್ರದ ತಂತಿ ಕ್ಲಿಪ್ಪುಗಳಿರುತ್ತವೆ. ಅವುಗಳ ಪೂರ್ತಿ ಜೀವನ ಹಾರುವುದಕ್ಕೆ ಕಾಯುವುದರಲ್ಲೇ ಕಳೆಯುತ್ತದೆ. ಸ್ಕ್ರೂಡ್ರೈವರಿನ ತುದಿ ತಾಗಿದರೆ ಸಾಕು, ಎಗರಿ ಮಾಯ. ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿರದಿದ್ದರೆ ಅದು ಬೀಳುವ ಜಾಗ ಒಂದೇ. ಆಗ ಒಳಗಿನಿಂದ ಒಂದು ದನಿ ಕೇಳುತ್ತದೆ: ‘ಹೊರಗೇ ಬಿದ್ದಿರತ್ತೆ ಬಿಡು, ಹೊಸದು ಹಾಕಿ ಮುಚ್ಚು.’ ನಂಬಬೇಡಿ. ಕ್ಲಿಪ್ಪು ಕೈಯಲ್ಲಿ ಸಿಗುವವರೆಗೂ ಅದು ಎಂಜಿನ್ನಿನೊಳಗೇ ಇದೆ ಎಂದು ತಿಳಿಯಬೇಕು. ಆಯಸ್ಕಾಂತ ಇಳಿಬಿಟ್ಟು, ಟಾರ್ಚು ಹಿಡಿದು, ನೆಲ ಗುಡಿಸಿ ಹುಡುಕಬೇಕು. ಮನೆಯ ಮಕ್ಕಳನ್ನು ಇದಕ್ಕೆ ಹಚ್ಚುವುದು ಉತ್ತಮ. ಅವರ ಕಣ್ಣು ಚುರುಕು, ಕೂಲಿ ಒಂದು ಐಸ್‌ಕ್ರೀಮು.

ರಿಂಗುಗಳದು ಇನ್ನೂ ಸೂಕ್ಷ್ಮ. ಟೂ-ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಹೊಗೆ ಹೋಗಲು, ಪೆಟ್ರೋಲು ಬರಲು ಕಿಟಕಿಗಳಿರುತ್ತವೆ. ರಿಂಗಿನ ತುದಿ ಆ ಕಿಟಕಿಗೆ ಸಿಕ್ಕಿಬೀಳದಿರಲೆಂದು ಪಿಸ್ಟನ್ನಿನಲ್ಲಿ ರಿಂಗು ಕೂರುವ ತೋಡಿನಲ್ಲಿ ಪುಟ್ಟ ಗೂಟವೊಂದನ್ನು ನೆಟ್ಟಿರುತ್ತಾರೆ. ರಿಂಗಿನ ಎರಡೂ ತುದಿ ಆ ಗೂಟವನ್ನು ತಬ್ಬಿ ಕೂರಬೇಕು. ಕೂರದ ರಿಂಗಿನ ಮೇಲೆ ಸಿಲಿಂಡರ್ ಇಳಿಸಿದರೆ ಅದು ಅರ್ಧಕ್ಕೆ ನಿಲ್ಲುತ್ತದೆ. ಅಂಗೈಯಿಂದ ಒಂದು ಗುದ್ದು ಕೊಟ್ಟರೆ ಇಳಿಯುವುದೂ ಹೌದು, ಒಳಗೆ ರಿಂಗು ಮುರಿಯುವುದೂ ಹೌದು. ತಾನಾಗಿ ಇಳಿಯದ ಸಿಲಿಂಡರು ಏನನ್ನೋ ಹೇಳುತ್ತಿದೆ ಎಂದು ಮೇಲೆತ್ತಿ ನೋಡುವವನಿಗೆ ಖರ್ಚಿಲ್ಲ.

ಎಲ್ಲ ಜೋಡಿಸಿದ ಮೇಲೆ ಕಿಕ್ಕು. ಗಾಡಿ ಹೊತ್ತುವುದಿಲ್ಲ. ಮತ್ತೆ ಕಿಕ್ಕು. ಅಷ್ಟರಲ್ಲಿ ಕಾಂಪೌಂಡಿನಾಚೆ ಜನ ಸೇರಿರುತ್ತಾರೆ. ‘ಪ್ಲಗ್ ನೋಡಿ ಸಾರ್’ ಎಂದು ಒಬ್ಬರು, ‘ಕಾರ್ಬ್ಯುರೇಟರ್ ಕಚ್ರಾ’ ಎಂದು ಇನ್ನೊಬ್ಬರು, ‘ಮಾರಿಬಿಡಿ’ ಎಂದು ಮೂರನೆಯವರು. ಮೂರೂ ಸಲಹೆಯನ್ನು ಒಟ್ಟಿಗೆ ಪಾಲಿಸಲು ಹೊರಟವನು ಕೆಟ್ಟ. ಏಕಕಾಲಕ್ಕೆ ಪ್ಲಗ್ಗು, ಜೆಟ್ಟು, ಟೈಮಿಂಗು ಎಲ್ಲವನ್ನೂ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂಬುದೇ ತಿಳಿಯುವುದಿಲ್ಲ. ಮೊದಲು ಪ್ಲಗ್ಗಿನಲ್ಲಿ ಕಿಡಿ ಬರುತ್ತದೆಯೇ? ಬಾರದಿದ್ದರೆ ಪಾಯಿಂಟಿನ ಸಂದು 0.4 ಮಿ.ಮೀ. ಇದೆಯೇ? ಕಿಡಿಯಿದ್ದರೆ ಪೆಟ್ರೋಲು ಬರುತ್ತಿದೆಯೇ? ಎರಡೂ ಇದ್ದರೆ ಕಂಪ್ರೆಶನ್ ಇದೆಯೇ? ಹೊತ್ತಿದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಗೇರ್ ಎಣ್ಣೆ ದಿನದಿನಕ್ಕೆ ಇಳಿಯುತ್ತಿದ್ದರೆ ಕ್ರ್ಯಾಂಕಿನ ಸೀಲು ಸೋತಿದೆ ಎಂದು ಅನುಮಾನಿಸಬೇಕು. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸೇ ಪಂಪು. ಸೀಲು ಹರಿದರೆ ಅದು ಪಕ್ಕದ ಎಣ್ಣೆಯನ್ನೂ ಹೀರಿ ಸುಡುತ್ತದೆ.

ಕೆಲವು ಕೆಲಸ ಮನೆಯದಲ್ಲವೇ ಅಲ್ಲ. ಸಿಲಿಂಡರ್ ಬೋರ್ ಮಾಡಿಸುವುದು, ಕ್ರ್ಯಾಂಕಿಗೆ ಹೊಸ ಕನೆಕ್ಟಿಂಗ್ ರಾಡು ಕೂರಿಸುವುದು ಲೇತಿನವರ, ಪ್ರೆಸ್ಸಿನವರ ಪಾಲು. ಹೋದ ಕೂಡಲೇ ಮೇಸ್ತ್ರಿ ಕನ್ನಡಕ ಸರಿಮಾಡಿಕೊಂಡು ‘ಯಾರ್ ಸಾರ್ ಇದನ್ನ ಬಿಚ್ಚಿದ್ದು?’ ಎನ್ನುತ್ತಾರೆ. ಅದು ಅವರ ನಮಸ್ಕಾರ, ಬೇಸರ ಪಡಬಾರದು. 0.25 ಮಿ.ಮೀ. ದೊಡ್ಡದೋ 0.50 ದೊಡ್ಡದೋ ಎಂದು ಅಳೆದ ಮೇಲೆ ಅವರೇ ಹೇಳುತ್ತಾರೆ. ಹೊಸ ಪಿಸ್ಟನ್ನು ತಂದು ಸಿಲಿಂಡರಿನ ಜೊತೆಗೇ ಕೊಡಬೇಕು. ಸಿಲಿಂಡರನ್ನು ಕೊರೆಯುವುದು ಆ ಪಿಸ್ಟನ್ನಿನ ಅಳತೆಗೆ. ‘ನಾಳೆ ಬನ್ನಿ’ ಎಂದರೆ ಗುರುವಾರ ಹೋಗಬೇಕು.

ಇಷ್ಟೆಲ್ಲ ಮಾಡಿ ಉಳಿಯುವ ದುಡ್ಡು ದೊಡ್ಡದೇನಲ್ಲ, ಕೆಲವು ಸಲ ಉಳಿಯುವುದೂ ಇಲ್ಲ. ಆದರೂ ತನ್ನ ಗಾಡಿಯ ಹೊಟ್ಟೆಯೊಳಗೆ ಏನಿದೆಯೆಂದು ಕಂಡವನು ಅದನ್ನು ಓಡಿಸುವ ರೀತಿಯೇ ಬೇರೆ. ಸಣ್ಣ ಟಿಕ್‌ಟಿಕ್ ಸದ್ದಿಗೂ ಅವನ ಕಿವಿ ನಿಮಿರುತ್ತದೆ. ದೊಡ್ಡ ರಿಪೇರಿಗಳು ಅವನಿಗೆ ಕಡಿಮೆ.

ಆಸೆಯಿದ್ದರೆ ನೀವೂ ಬಿಚ್ಚಿ. ಪ್ಯಾಕಿಂಗ್ ಸೆಟ್ಟು, ಹೊಸ ಸರ್‌ಕ್ಲಿಪ್ಪು ಮೊದಲೇ ತಂದಿಡಿ. ಬಿಚ್ಚುವ ಒಂದೊಂದು ಹಂತವನ್ನೂ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಏನಾದರೂ ಮುರಿದರೆ ಆಯುಧ ಕೆಳಗಿಟ್ಟು, ಎಂಜಿನ್ನಿಗೆ ಬಟ್ಟೆ ಮುಚ್ಚಿ, ಕೈ ತೊಳೆದು ಊಟಕ್ಕೆ ಏಳಿ. ಸೋಮವಾರ ಬೆಳಿಗ್ಗೆ ಆಫೀಸಿಗೆ ಬೇಕಾದ ಗಾಡಿಯನ್ನು ಮಾತ್ರ ಭಾನುವಾರ ಮಧ್ಯಾಹ್ನ ಬಿಚ್ಚಬೇಡಿ.