ಊಟವಿಲ್ಲದ ಸಮ್ಮೇಳನ

'ಸಮ್ಮೇಳನ ಅಂತೀರಿ, ಊಟ ಎಲ್ಲಿ ಇಟ್ಟೀರಿ ಸರ?' ಎಂದು ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಮ್ಮ ಕೇಳಿದಾಗ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ರಾಯಚೂರು ಕಡೆ ಮದುವೆಯಾಗಲಿ, ಜಾತ್ರೆಯಾಗಲಿ, ಸಾಹಿತ್ಯ ಸಮ್ಮೇಳನವೇ ಆಗಲಿ, ಜನ ಮೊದಲು ವಿಚಾರಿಸುವುದು ಊಟವನ್ನು. ಅದರಲ್ಲೂ ನಾನು ಮಾಡಹೊರಟಿದ್ದ ಸಮ್ಮೇಳನದ ವಿಷಯವೇ ಊಟಕ್ಕೆ ಸಂಬಂಧಿಸಿದ್ದು, ಕಾರ್ಬೋಹೈಡ್ರೇಟು. ಅಕ್ಕಿ, ಜೋಳ, ಸಜ್ಜೆ, ಸಕ್ಕರೆ, ಬೆಲ್ಲಗಳ ಮೇಲೆ ಮಕ್ಕಳು ಪ್ರಯೋಗ ಮಾಡಿ ಪ್ರಬಂಧ ಮಂಡಿಸಬೇಕು. ಆದರೆ ಯಾರೂ ಎಲ್ಲಿಗೂ ಬರುವಂತಿಲ್ಲ. ತಂತಮ್ಮ ಮನೆಯಲ್ಲೇ ಕೂತು ಫೋನಿನಲ್ಲಿ ಸೇರಬೇಕು.

'ಅವರವರ ಮನ್ಯಾಗ ಅವರವರ ಊಟ' ಎಂದೆ. ಅಡುಗೆಯಮ್ಮ ನನ್ನನ್ನು ಕನಿಕರದಿಂದ ನೋಡಿ, 'ಹಂಗಾದ್ರ ಅದೆಂಥ ಸಮ್ಮೇಳನ ಬಿಡ್ರಿ' ಎಂದು ಹೊರಟುಹೋದರು.

ಇದು 2020ರ ಅಕ್ಟೋಬರಿನ ಮಾತು. ಮಾರ್ಚಿನಲ್ಲಿ ಮುಚ್ಚಿದ ಶಾಲೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು. ಆಗಸ್ಟಿನಲ್ಲಿ 'ವಿದ್ಯಾಗಮ' ಬಂದಾಗ ಗುಡಿಯ ಕಟ್ಟೆ, ಬೇವಿನ ಮರದ ನೆರಳು ಹುಡುಕಿಕೊಂಡು ನಾವೇ ಮಕ್ಕಳಿದ್ದಲ್ಲಿಗೆ ಹೋಗಿ ಪಾಠ ಮಾಡಿದೆವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ನನ್ನ ಮನೆ ರಾಯಚೂರಿನಲ್ಲಿ, ಶಾಲೆ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ಭಾಗದಲ್ಲಿ ಶಾಲೆ ಮುಚ್ಚಿದರೆ ಮಕ್ಕಳು ಮನೆಯಲ್ಲಿ ಇರುವುದಿಲ್ಲ, ಹೊಲದಲ್ಲಿರುತ್ತಾರೆ. ಒಂದು ದಿನ ಬೈಕಿನಲ್ಲಿ ಹೋಗುತ್ತಿದ್ದಾಗ ರಸ್ತೆ ಬದಿಯ ಹತ್ತಿ ಹೊಲದಲ್ಲಿ ನನ್ನ ಹತ್ತನೆಯ ತರಗತಿಯ ಹುಡುಗಿಯರನ್ನು ಕಂಡೆ. ಹತ್ತಿ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಇಬ್ಬರು ಗಿಡದ ಸಾಲಿನಲ್ಲಿ ಕುಕ್ಕರಿಸಿ ಮರೆಯಾದರು. ತಪ್ಪು ಮಾಡಿದವರಂತೆ ಅವರು ಅಡಗಿಕೊಂಡದ್ದು ನನ್ನ ಮನಸ್ಸಿಗೆ ನಾಟಿತು. ಕೂಲಿಯ ಹಣ ಮನೆಗೆ ರೂಢಿಯಾದ ಮೇಲೆ ಈ ಮಕ್ಕಳು ಶಾಲೆಗೆ ಮರಳುತ್ತಾರೆಯೇ? ಏನಾದರೂ ಒಂದು ಎಳೆಯಲ್ಲಿ ಅವರನ್ನು ಶಾಲೆಗೆ ಕಟ್ಟಿಡಬೇಕೆನ್ನಿಸಿತು. ಆ ಎಳೆಗೆ ನಾನು ಇಟ್ಟ ದೊಡ್ಡ ಹೆಸರೇ 'ಸಮ್ಮೇಳನ'.

ಮಾನ್ವಿಯಲ್ಲೊಬ್ಬ, ರಾಯಚೂರು ನಗರದಲ್ಲೊಬ್ಬ ವಿಜ್ಞಾನ ಶಿಕ್ಷಕ ಗೆಳೆಯರು ಜೊತೆಗೂಡಿದರು. ದೇವದುರ್ಗದ ಕಡೆಯಿಂದ ನನ್ನ ಹನ್ನೆರಡು ಮಕ್ಕಳು, ಮಾನ್ವಿಯಿಂದ ಹತ್ತು, ರಾಯಚೂರಿನಿಂದ ಒಂಬತ್ತು, ಒಟ್ಟು ಮೂವತ್ತೊಂದು ಪ್ರತಿನಿಧಿಗಳು. ಕಾರ್ಬೋಹೈಡ್ರೇಟನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಅದಕ್ಕೆ ಪ್ರಯೋಗಶಾಲೆ ಬೇಡ, ಅಡುಗೆಮನೆ ಸಾಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯಲ್ಲಿ ಭತ್ತ, ನಮ್ಮ ಎರೆ ಹೊಲಗಳಲ್ಲಿ ಬಿಳಿ ಜೋಳ, ಎರಡರ ತುಂಬ ಇರುವುದು ಪಿಷ್ಟವೇ. ಹಳೆಯ ಪುಸ್ತಕಗಳಲ್ಲಿ ಇದಕ್ಕೆ 'ಶರ್ಕರಪಿಷ್ಟ' ಎಂಬ ಘನವಾದ ಹೆಸರಿತ್ತು. ನಮ್ಮ ಹುಡುಗರ ಬಾಯಲ್ಲಿ ಅದು 'ಸಕ್ಕರಿ ಹಿಟ್ಟು' ಆಗಿಬಿಡುತ್ತಿತ್ತು. ಅರ್ಥದಲ್ಲಿ ಅವರು ಹೇಳಿದ್ದೂ ಸರಿಯೇ. ಗ್ಲೂಕೋಸ್ ಎಂಬ ಸಕ್ಕರೆಯ ಸಾವಿರಾರು ಅಣುಗಳು ಸರಪಣಿಯಾಗಿ ಸೇರಿದರೆ ಹಿಟ್ಟು. ಅದೇ ಗ್ಲೂಕೋಸ್ ಬೇರೊಂದು ರೀತಿಯಲ್ಲಿ ಕೊಂಡಿ ಹಾಕಿಕೊಂಡರೆ ಜೋಳದ ಸೊಪ್ಪೆಯ ನಾರು. ಹಿಟ್ಟು ನಮಗೆ, ಸೊಪ್ಪೆ ಎತ್ತಿಗೆ. ನಮ್ಮ ರಕ್ತದ ಎ, ಬಿ, ಓ ಗುಂಪುಗಳನ್ನು ಬೇರೆ ಮಾಡುವುದೂ ಕೆಂಪು ಕಣಗಳ ಮೇಲಿರುವ ಸಕ್ಕರೆಗಳೇ. ಜಗತ್ತನ್ನೆಲ್ಲ ಮನೆಯಲ್ಲಿ ಕೂರಿಸಿದ್ದ ಆ ವೈರಾಣುವಿನ ಮುಳ್ಳುಗಳಿಗೂ ಸಕ್ಕರೆ ಸರಪಣಿಗಳದೇ ಹೊದಿಕೆ.

ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಡಿಯೋ ಸಭೆ ಎಂದು ಸಾರಿದೆವು. ಮೂವತ್ತೊಂದರಲ್ಲಿ ಬಂದವರು ಹನ್ನೊಂದು ಜನ. ಅವರಲ್ಲಿ ಒಂಬತ್ತು ರಾಯಚೂರಿನವರು, ಇಬ್ಬರು ಮಾನ್ವಿಯವರು. ದೇವದುರ್ಗದ ಕಡೆಯಿಂದ ನಾನೊಬ್ಬನೇ. ಒಬ್ಬರ ಮನೆಯ ಮಿಕ್ಸಿ, ಇನ್ನೊಬ್ಬರ ಮನೆಯ ಆಡು ಭಾಷಣದ ನಡುವೆ ಬಾಯಿ ಹಾಕಿದವು. ನಲವತ್ತು ನಿಮಿಷಕ್ಕೆ ಉಚಿತ ಸಭೆ ತಾನೇ ಮುಗಿದು ಪರದೆ ಕಪ್ಪಾಯಿತು. ವಂದನಾರ್ಪಣೆಯ ಪಾಳಿ ನನ್ನದಿತ್ತು, ಅದೂ ಉಳಿಯಿತು. ನಂತರ ವಿಚಾರಿಸಿದರೆ ಕಾರಣ ಸ್ಪಷ್ಟವಿತ್ತು. ನನ್ನ ಮಕ್ಕಳ ಮನೆಗಳಲ್ಲಿ ಇರುವುದು ಒಂದೇ ಫೋನು. ಅದು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗಿ ರಾತ್ರಿ ಎಂಟಕ್ಕೆ ಮನೆಗೆ ಬರುತ್ತದೆ. ಹನ್ನೊಂದು ಗಂಟೆಗೆ ಫೋನೂ ಹೊಲದಲ್ಲಿ, ಮಕ್ಕಳೂ ಹೊಲದಲ್ಲಿ.

ಈ ಫಜೀತಿಯನ್ನು ಬೆಂಗಳೂರಿನಲ್ಲಿ ಔಷಧ ಸಂಶೋಧನೆಯ ಕೆಲಸದಲ್ಲಿರುವ ನಮ್ಮ ಅಕ್ಕನ ಮಗನ ಮುಂದೆ ತೋಡಿಕೊಂಡೆ. ಅವನು ನಕ್ಕು, 'ಮಾಮಾ, ಈ ಕೆಲಸದಾಗ ನೀವ ಮೊದಲಿಗರಲ್ಲ. ಇಪ್ಪತ್ತೈದು ವರ್ಷದ ಹಿಂದ ಇದ ವಿಷಯಕ್ಕ ಆಗ್ಯಾದ' ಎಂದ. 1995ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಹೆನ್ರಿ ರ್ಜೆಪಾ ಮತ್ತು ಸಂಗಡಿಗರು ಸಾವಯವ ರಸಾಯನ ವಿಜ್ಞಾನದ ಸಮ್ಮೇಳನವೊಂದನ್ನು ಅಂತರಜಾಲದಲ್ಲೇ ನಡೆಸಿದರಂತೆ. ಅದೇ ವರ್ಷ ಬ್ಯಾರಿ ಹಾರ್ಡಿ ಎಂಬುವರು ಸಕ್ಕರೆ ಅಣುಗಳ ವಿಜ್ಞಾನಕ್ಕೇ ಮೀಸಲಾದ 'ಮೊದಲನೆಯ ಎಲೆಕ್ಟ್ರಾನಿಕ್ ಗ್ಲೈಕೋಸೈನ್ಸ್ ಸಮ್ಮೇಳನ'ವನ್ನು ಜಾಲದಲ್ಲಿ ಏರ್ಪಡಿಸಿದರಂತೆ.

1995! ಆಗ ನಾನು ದೇವದುರ್ಗದ ಕಡೆಗೆ ಹೊಸದಾಗಿ ಬಂದಿದ್ದ ತರುಣ ಮೇಷ್ಟ್ರು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ವಿ.ಎಸ್.ಎನ್.ಎಲ್. ಅಂತರಜಾಲವನ್ನು ತೆರೆದದ್ದೇ ಆ ವರ್ಷದ ಆಗಸ್ಟ್ 15ರಂದು. ನನಗೆ ಆಗ ತಿಳಿದಿದ್ದ ಜಾಲವೆಂದರೆ ಎಸ್‌ಟಿಡಿ ಬೂತಿನ ಸರತಿ.

'ಅಷ್ಟು ಹಿಂದ ವಿಡಿಯೋ ಹೆಂಗಪಾ?' ಎಂದೆ.

'ವಿಡಿಯೋ ಎಲ್ಲಿದು ಮಾಮಾ? ಪ್ರಬಂಧ ಬರದು ಜಾಲದಾಗ ಇಡೋದು. ಓದಿದವರು ಇ-ಮೇಲಿನಾಗ ಪ್ರಶ್ನೆ ಕೇಳೋದು. ಬರದವರು ತಮಗ ಪುರಸೊತ್ತಾದಾಗ ಉತ್ತರ ಕೊಡೋದು. ಲಂಡನ್ನಿನ ಸಮ್ಮೇಳನ ವಾರಗಟ್ಟಲೆ ನಡೀತು.'

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಿಧಾನದ ಜಾಲವಿದ್ದ ಕಾಲದವರು ನಿಧಾನಕ್ಕೆ ಹೊಂದುವ ಸಮ್ಮೇಳನ ಮಾಡಿದ್ದರು. ನಾನು ರಾತ್ರಿ ಎಂಟಕ್ಕೆ ಮನೆಗೆ ಬರುವ ಫೋನಿಟ್ಟುಕೊಂಡು ಹಗಲು ಹನ್ನೊಂದರ ಸಭೆ ಕರೆದಿದ್ದೆ. ಮರುದಿನವೇ ಗೆಳೆಯರಿಗೆ ಹೇಳಿ ಪದ್ಧತಿ ಬದಲಿಸಿದೆವು. ಸಮ್ಮೇಳನ ಒಂದು ತಾಸಲ್ಲ, ಏಳು ದಿನ. ಪ್ರಬಂಧವೆಂದರೆ ನೋಟುಪುಸ್ತಕದ ಒಂದು ಹಾಳೆಯ ಫೋಟೋ, ಅಥವಾ ಎರಡು ನಿಮಿಷದ ಮಾತು. ಪ್ರಶ್ನೆಗೆ ಮರುದಿನ ಉತ್ತರಿಸಿದರೂ ಸೈ.

ಟಿಂಚರ್ ಅಯೋಡಿನ್ನಿನ ಸಣ್ಣ ಸೀಸೆಗಳನ್ನು ರಾಯಚೂರಿನ ಔಷಧ ಅಂಗಡಿಯಲ್ಲಿ ಕೊಂಡೆವು. ಮಾನ್ವಿಯ ಸೀಸೆಗಳು ಬಸ್ಸಿನಲ್ಲಿ ಕಂಡಕ್ಟರರ ಚೀಲದ ಪಕ್ಕ ಕೂತು ಹೋದವು. ನನ್ನ ಮಕ್ಕಳದನ್ನು ನಾನೇ ಒಯ್ದು ಮನೆಮನೆಗೆ ಕೊಟ್ಟೆ. 'ಹನಿ ಹಾಕಿದ್ದನ್ನ ತಿನ್ನಬಾರದು, ಕೋಳಿ ಎಮ್ಮಿಗೂ ಹಾಕಬಾರದು' ಎಂದು ಎರಡೆರಡು ಸಲ ಹೇಳಿದೆ. ನವೆಂಬರಿನಲ್ಲಿ ಸಮ್ಮೇಳನ ಶುರುವಾಯಿತು.

ಮೊದಲ ರಾತ್ರಿ ಎಂಟೂವರೆಗೆ ಫೋನು ಗುಂಯ್ಗುಡತೊಡಗಿತು. ಅನ್ನದ ಗಂಜಿ ನೀಲಿ, ಜೋಳದ ಹಿಟ್ಟು ನೀಲಿ, ಆಲೂಗಡ್ಡೆ ನೀಲಿ. ಮೊಟ್ಟೆಯ ಬಿಳಿ ನೀಲಿಯಾಗಲಿಲ್ಲ. ಸಕ್ಕರೆ ನೀರೂ ಆಗಲಿಲ್ಲ. 'ಸಕ್ಕರಿನೂ ಕಾರ್ಬೋಹೈಡ್ರೇಟ್ ಅಲ್ಲೇನ್ರಿ ಸರ, ಯಾಕ ಆಗ್ಲಿಲ್ಲ?' ಎಂದು ಮಾನ್ವಿಯ ಹುಡುಗ ಕೇಳಿದ. ಅದಕ್ಕೆ ರಾಯಚೂರಿನ ಹುಡುಗಿಯೊಬ್ಬಳು ಮರುದಿನ ಉತ್ತರ ಕೊಟ್ಟಳು: ಅಯೋಡಿನ್ ಗುರುತಿಸುವುದು ಉದ್ದ ಸರಪಣಿಯನ್ನು, ಬಿಡಿ ಕೊಂಡಿಯನ್ನಲ್ಲ.

ಎರಡನೆಯ ಪ್ರಯೋಗ ಎಂಜಲಿನದು. ನೀಲಿ ಗಂಜಿಗೆ ಸ್ವಲ್ಪ ಎಂಜಲು ಬೆರೆಸಿಟ್ಟರೆ ಅದರಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡರಿಸುತ್ತದೆ, ನೀಲಿ ಮಾಯವಾಗುತ್ತದೆ. ರೊಟ್ಟಿಯನ್ನು ಬಹಳ ಹೊತ್ತು ಅಗಿದರೆ ಸಿಹಿಯೆನಿಸುವುದೂ ಇದೇ ಕಾರಣಕ್ಕೆ. ಆದರೆ ಕಾಲ ಎಂಥದು ನೋಡಿ! ರಸ್ತೆಯಲ್ಲಿ ಉಗುಳಿದರೆ ದಂಡ ಹಾಕುತ್ತಿದ್ದ ದಿನಗಳಲ್ಲಿ ಮೇಷ್ಟ್ರೇ ಲೋಟದಲ್ಲಿ ಉಗುಳಲು ಹೇಳಿದ್ದರು. ಇಬ್ಬರು ತಂದೆಯರು ಫೋನು ಮಾಡಿ ನನ್ನ ಆರೋಗ್ಯ ವಿಚಾರಿಸಿದರು.

ಮೂರನೆಯ ರಾತ್ರಿ ನನ್ನ ಶಾಲೆಯ ಹುಡುಗಿಯೊಬ್ಬಳ ಧ್ವನಿ ಬಂತು. ಹತ್ತಿ ಸಾಲಿನಲ್ಲಿ ಮರೆಯಾಗಿದ್ದ ಇಬ್ಬರಲ್ಲಿ ಒಬ್ಬಳು. ತರಗತಿಯಲ್ಲಿ ಮೂರು ವರ್ಷ ಬಾಯಿ ಬಿಟ್ಟವಳಲ್ಲ. 'ಸರ, ಗಂಜಿ ನೀಲಿ ಆಗಿತ್ರಿ. ನಮ್ಮವ್ವ ಅಂಬ್ಲಿ ಅಂತ ತಿಳ್ಕೊಂಡು ಒಲಿ ಮ್ಯಾಲಿಟ್ಲು. ನೀಲಿ ಹೋತು. ಮುಂಜಾನಿ ನೋಡಿದ್ರ ಮತ್ತ ನೀಲಿ ಬಂದದ. ಯಾಕ್ರಿ?'

ಎರಡು ದಿನದಿಂದ ಎಂಜಲಿನ ಪ್ರಬಂಧಗಳನ್ನೇ ನೋಡುತ್ತಿದ್ದ ನನ್ನ ತಲೆಯಲ್ಲಿ ಉತ್ತರ ಸಿದ್ಧವಾಗಿಯೇ ಇತ್ತು. ತುಂಡಾದ ಪಿಷ್ಟ ಮತ್ತೆ ಕೂಡುವುದುಂಟೆ? 'ಹೋದ ನೀಲಿ ತಾನಾಗಿ ಮರಳುವುದಿಲ್ಲ. ನೀನು ಬೇರೆ ಲೋಟ ನೋಡಿರಬೇಕು. ಗಮನವಿಟ್ಟು ಬರೆ' ಎಂದು ಎಲ್ಲರೂ ಓದುವ ಹಾಗೆ ಬರೆದುಬಿಟ್ಟೆ. ಮೂವತ್ತು ವರ್ಷ ಪಾಠ ಮಾಡಿದವನ ಠೀವಿ ಅದರಲ್ಲಿತ್ತು.

ಮರುದಿನ ಇಡೀ ಹಗಲು ಆ ಮಾತಿಗೆ ಯಾರೂ ಏನೂ ಹೇಳಲಿಲ್ಲ. ರಾತ್ರಿ ಒಂಬತ್ತಕ್ಕೆ ನಾಲ್ಕು ಫೋಟೋ ಬಂದವು. ಒಂದು ಸ್ಟೀಲಿನ ಚರಿಗೆ. ಮೊದಲನೆಯದರಲ್ಲಿ ನೀಲಿ ಗಂಜಿ, ಎರಡನೆಯದರಲ್ಲಿ ಒಲೆಯ ಕೆಂಡ, ಮೂರನೆಯದರಲ್ಲಿ ಬಿಳಿ ಗಂಜಿ, ನಾಲ್ಕನೆಯದರಲ್ಲಿ ನೀರಿನ ಬುಟ್ಟಿಯಲ್ಲಿಟ್ಟ ಅದೇ ಚರಿಗೆ, ಮತ್ತೆ ನೀಲಿ. ಜೊತೆಗೆ ಮಾತು: 'ಬ್ಯಾರೆ ಲೋಟ ಅಲ್ರಿ ಸರ. ಚರಿಗಿ ಒಂದ ಅದ. ಮ್ಯಾಲ ನಮ್ಮಜ್ಜಿ ಹೆಸರು ಹಾಕ್ಸಿದ್ದು ನೋಡ್ರಿ.' ನೋಡಿದೆ. ನಾಲ್ಕೂ ಫೋಟೋಗಳಲ್ಲಿ ಚರಿಗೆಯ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅದೇ ಹೆಸರು.

ನಾನು ಅಡುಗೆಮನೆಗೆ ಹೋಗಿ ಗಂಜಿ ಮಾಡಿ, ಹನಿ ಹಾಕಿ, ಗ್ಯಾಸಿನ ಮೇಲೆ ಕುದಿಸಿದೆ. ನೀಲಿ ಹೋಯಿತು. ಆರಿಸಿದೆ, ಬರಲಿಲ್ಲ. ನಿಜ ಹೇಳುತ್ತೇನೆ, ಒಳಗೊಳಗೇ ಸಮಾಧಾನವಾಯಿತು. 'ನನಗೆ ಬರಲಿಲ್ಲ' ಎಂದು ಬರೆದೆ. ಅಷ್ಟರಲ್ಲಿ ಮಾನ್ವಿಯ ಹುಡುಗ 'ನನಗ ಬಂತ್ರಿ ಸರ' ಎಂದ. ಮರುರಾತ್ರಿ ಹುಡುಗಿಯ ಸಲಹೆ ಬಂತು: 'ಸರ, ಕುದಿಸ್ಬ್ಯಾಡ್ರಿ. ಬಿಸಿ ಅಷ್ಟ ಮಾಡ್ರಿ.' ಹಾಗೆಯೇ ಮಾಡಿದೆ. ತಣ್ಣೀರಿನಲ್ಲಿಟ್ಟ ಲೋಟದ ತಳದಿಂದ ನೀಲಿ ಮೆಲ್ಲಗೆ ಮೇಲೇರಿತು. ನನ್ನ ಹೆಂಡತಿ 'ಬಂತು ನೋಡ್ರಿ' ಎಂದಳು.

ಇದರಲ್ಲಿ ಪವಾಡವಿಲ್ಲ. ಪಿಷ್ಟದ ಅಮೈಲೋಸ್ ಎಂಬ ಭಾಗ ಸುರುಳಿಯಾಗಿರುತ್ತದೆ. ಸುರುಳಿಯ ಒಳಗೆ ಅಯೋಡಿನ್ ಕೂತಾಗ ನೀಲಿ ಬಣ್ಣ. ಬಿಸಿಗೆ ಸುರುಳಿ ಸಡಿಲವಾಗಿ ಅಯೋಡಿನ್ ಹೊರಬರುತ್ತದೆ. ತಣ್ಣಗಾದರೆ ಸುರುಳಿ ಮತ್ತೆ ಸುತ್ತಿಕೊಳ್ಳುತ್ತದೆ. ನನ್ನಂತೆ ಕೊತಕೊತ ಕುದಿಸಿದರೆ ಅಯೋಡಿನ್ ಆವಿಯಾಗಿ ಹಾರಿಹೋಗುತ್ತದೆ, ಮರಳಿ ಕೂರಲು ಯಾರೂ ಇರುವುದಿಲ್ಲ. ಬಿಸಿ ಬಿಚ್ಚುತ್ತದೆ, ಎಂಜಲು ಕತ್ತರಿಸುತ್ತದೆ. ಈ ವ್ಯತ್ಯಾಸವನ್ನು ಬಿ.ಎಸ್ಸಿ.ಯಲ್ಲಿ ನಾನೂ ಓದಿದ್ದವನೇ. ಆ ರಾತ್ರಿ ಮೂವತ್ತೊಂದು ಮಕ್ಕಳಿಗೂ ಕಾಣುವಂತೆ ಬರೆದೆ: 'ತಂಗಿ, ನೀನು ನೋಡಿದ್ದು ಸರಿ. ನಾನು ಹೇಳಿದ್ದು ತಪ್ಪು.'

ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಆ ಭಾನುವಾರದ ನಲವತ್ತು ನಿಮಿಷದ ಸಭೆಯಲ್ಲೇ ಆಕೆ ಇದನ್ನು ಕೇಳಿದ್ದರೆ ನನ್ನ ಮಾತೇ ಕೊನೆಯ ಮಾತಾಗುತ್ತಿತ್ತು. ಅಷ್ಟು ಜನರ ಎದುರು ಮೇಷ್ಟ್ರಿಗೆ ಎದುರಾಡುವ ಹುಡುಗಿಯಲ್ಲ ಅವಳು. ಅವಳಿಗೆ ಬೇಕಾಗಿದ್ದುದು ಒಂದು ರಾತ್ರಿ, ಒಂದು ಚರಿಗೆ, ಸ್ವಲ್ಪ ಕೆಂಡ. ಕಾಯುವ ಸಮ್ಮೇಳನ ಅದನ್ನು ಕೊಟ್ಟಿತು. ಈಗ ನಮ್ಮ ತರಬೇತಿಗಳೆಲ್ಲ ಪರದೆಯ ಮೇಲೆ ಒಂದು ತಾಸಿನಲ್ಲಿ ಮುಗಿಯುತ್ತವೆ. 'ಪ್ರಶ್ನೆಗಳಿವೆಯೇ? ಇಲ್ಲ. ಧನ್ಯವಾದ' ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಚರಿಗೆ ನೆನಪಾಗುತ್ತದೆ.

2021ರ ಜನವರಿ 1ರಂದು ಹತ್ತನೆಯ ತರಗತಿ ಮತ್ತೆ ಶುರುವಾಯಿತು. ಆ ತಿಂಗಳು ಮುಗಿಯುವುದರೊಳಗೆ ನನ್ನ ಹನ್ನೆರಡರಲ್ಲಿ ಹತ್ತು ಮಕ್ಕಳು ಬಂದರು. ಒಬ್ಬ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಒಬ್ಬಳ ಮದುವೆ ಮಾಡಿಬಿಟ್ಟಿದ್ದರು. ಹತ್ತಿ ಸಾಲಿನಲ್ಲಿ ಮರೆಯಾಗಿದ್ದ ಇನ್ನೊಬ್ಬಳು ಅವಳೇ. ನನ್ನ ಎಳೆ ಅವರಿಬ್ಬರನ್ನು ಹಿಡಿದಿಡಲಿಲ್ಲ. ಚರಿಗೆಯ ಹುಡುಗಿ ಮೊದಲ ದಿನವೇ ಬಂದಳು. ಹತ್ತಿಯ ಕಾಯಿ ಗೀರಿದ ಬೆರಳುಗಳಲ್ಲಿ ಹೊಸ ಪೆನ್ನು ಹಿಡಿದಿದ್ದಳು.

ಬಿಸಿಯೂಟ ಇನ್ನೂ ಶುರುವಾಗಿರಲಿಲ್ಲ. ಮಧ್ಯಾಹ್ನ ಮಕ್ಕಳು ಬೇವಿನ ಮರದ ಕೆಳಗೆ ದೂರ ದೂರ ಕೂತು ತಂತಮ್ಮ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಯಾರೋ 'ಅಗೀರ್ಲೇ, ಸಿಹಿ ಆಗೋತನಕ ಅಗೀರಿ' ಎಂದರು, ಎಲ್ಲರೂ ನಕ್ಕರು. ಅಂದು ರೇಷನ್ ಹಂಚಲು ಬಂದಿದ್ದ ಅಡುಗೆಯಮ್ಮ ಕಟ್ಟೆಯ ಮೇಲೆ ನಿಂತು ನೋಡಿ ನನ್ನತ್ತ ತಿರುಗಿದರು.

'ಈಗ ಆತು ನೋಡ್ರಿ ಸರ, ನಿಮ್ಮ ಸಮ್ಮೇಳನದ ಊಟ.'