ಬಾಜೂಕ ಹಚ್ಚಿದ ಫೋಟೋ

2020ರ ಅಕ್ಟೋಬರ್‌ನಲ್ಲಿ ಕಾಗಿಣಾ ತುಂಬಿ ಬಂದಾಗ ನಮ್ಮ ಊರ ಮನೆಯೊಳಗೆ ಮೊಣಕಾಲ ತನಕ ನೀರು. ಜ್ವಾಳ ಹೋಯ್ತು, ತೊಗರಿ ಹೋಯ್ತು, ಅಪ್ಪನ ಪಿಎಫ್ ಕಾಗದಗಳೂ ಹೋದವು. ಅದಕ್ಕೆಲ್ಲ ಅವ್ವ ಅಳಲಿಲ್ಲ. ಅವಳ ಅವ್ವನ ಒಂದೇ ಒಂದು ಫೋಟೋ ಗಾಜಿಗೆ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಮುಖ ಗಾಜಿನ ಮೇಲೇ ಉಳಿದು ಕಲಸಿಹೋಯಿತು. ಆಗ ಅತ್ತಳು.

ಅಪ್ಪ ಸಿಮೆಂಟ್ ಫ್ಯಾಕ್ಟರಿಯಲ್ಲಿದ್ದಾಗ ಆ ಫೋಟೋ ಆದಿತ್ಯನಗರದ ಕ್ವಾರ್ಟರ್ಸ್‌ನಲ್ಲಿ ತೂಗುತ್ತಿತ್ತು. ಬೋರ್ಡಿನ ಮೇಲೆ ಈಗ ಹೆಸರು ಬೇರೆ ಇದ್ದರೂ ನಮ್ಮ ಬಾಯಲ್ಲಿ ಅದು ಇನ್ನೂ ರಾಜಶ್ರೀಯೇ. ಪ್ರತಿ ಸೋಮವಾರ ಗಾಜಿನ ಮೇಲಿನ ಬೂದಿಬಣ್ಣದ ಧೂಳು ಒರೆಸುವುದು ನನ್ನ ಕೆಲಸ. ಮೂವತ್ತು ವರ್ಷ ಒರೆಸಿದೆ, ನೋಡಿದೆನಾ ಅಂತ ಈಗ ಅನುಮಾನ.

ಸ್ಟುಡಿಯೋದ ಹುಡುಗನೊಬ್ಬ ಕಂಪ್ಯೂಟರ್‌ನಲ್ಲಿ ಸರಿ ಮಾಡಿಕೊಡ್ತೀನಿ ಅಂದ. ಪಾಪ, ಕಾಳಜಿಯಿಂದಲೇ ಮಾಡಿದ. ಎಲ್ಲಿಂದಲೋ ಒಂದು ಮುಖ ತಂದು ಕೂಡಿಸಿದ್ದ. ಕೆನ್ನೆ ತುಂಬಿದ, ನಗುವ ಮುಖ.

“ಇಕಿ ಯಾರೋ ದೊಡ್ಡ ಮನಿ ಹೆಣ್ಮಗಳು ಅದಾಳ. ನಮ್ಮವ್ವ ಅಲ್ಲ,” ಅಂದಳು ಅವ್ವ.

ನಮ್ಮಜ್ಜಿ ಶಹಾಬಾದ್ ಕಡೆಯ ಖಣಿಗಳಲ್ಲಿ ಪರ್ಸಿ ಹೊತ್ತವಳು. ಇದು ನೆನಪುಗಳಿಗೆ ಬಡ ಸೀಮೆಯೇನಲ್ಲ. ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪವೇ ಇದೆ, ಅವನ ಹೆಸರನ್ನೂ ಕೆತ್ತಿದ್ದಾರೆ. ಕಲ್ಲು ಹೊತ್ತವಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಇದ್ದದ್ದು ಆ ಫೋಟೋ ಒಂದೇ.

ಆಗ ನೆನಪಾದದ್ದು ಬೆಂಗಳೂರಲ್ಲಿ ಕೆಲಸಕ್ಕಿದ್ದಾಗ ನೋಡಿದ ಪುಷ್ಪಮಾಲಾ ಎನ್. ಅವರ ಚಿತ್ರಗಳು. ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ದಕ್ಷಿಣ ಭಾರತದ ‘ನೇಟಿವ್’ ಹೆಂಗಸರ ಮೇಲೆ ಮಾಡಿದ ಸರಣಿ. ಹಳೆಯ ಚಿತ್ರವೊಂದನ್ನು ಆಯ್ದುಕೊಂಡು, ಅದೇ ಪರದೆ, ಅದೇ ಉಡುಗೆ ಹೊಂದಿಸಿ, ಆ ಹೆಂಗಸಿನ ಜಾಗದಲ್ಲಿ ತಾವೇ ನಿಲ್ಲುತ್ತಾರೆ. ರವಿವರ್ಮನ ಲಕ್ಷ್ಮಿಯಾಗುತ್ತಾರೆ; ನಮ್ಮ ಪಕ್ಕದ ಬಿಜಾಪುರದ ಆದಿಲಶಾಹಿ ಕಾಲದ ಕಿರುಚಿತ್ರದಿಂದ ಯೋಗಿನಿಯಾಗುತ್ತಾರೆ. ಬ್ರಿಟಿಷರು ಚೌಕಳಿ ಬಟ್ಟೆ ಹಿಂದೆ ಹಾಕಿ ಜನರ ಮೈ ಅಳೆಯುತ್ತಿದ್ದ ಫೋಟೋಗಳ ಹಾಗೆ ತೋಡ ಹೆಂಗಸಾಗಿಯೂ ನಿಂತಿದ್ದಾರೆ. ಖರೇ ಹೇಳಬೇಕಂದರೆ ಆವತ್ತು ನನಗಿದು ಗ್ಯಾಲರಿ ಮಂದಿಯ ವೇಷದಾಟ ಅನಿಸಿತ್ತು. ಆಯಿಷಾ ಅಬ್ರಹಾಂ ಅವರ 2005ರ ‘ಸ್ಟ್ರೈಟ್ 8’ ಹಾಗನಿಸಲಿಲ್ಲ. ಟಾಮ್ ಡಿ’ಅಗಿಯಾರ್ ಎಂಬ ಹವ್ಯಾಸಿ ತೆಗೆದಿಟ್ಟ ಹಳೆಯ ರೀಲುಗಳಿಂದ ಮಾಡಿದ ಚಿತ್ರ ಅದು. ಹಳೆಯ ರೀಲು ಸವೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಆ ಸವೆತವೂ ಅವರಿಗೆ ನೋಡತಕ್ಕ ವಿಷಯ.

ನಮ್ಮ ಸ್ಟುಡಿಯೋ ಹುಡುಗ ಕಲೆ ಅಳಿಸಿದ, ಅದರ ಜೊತೆ ಅಜ್ಜಿಯನ್ನೂ ಅಳಿಸಿದ.

“ಯವ್ವಾ, ಆಯಿ ಕೂತಂಗ ನೀ ಕೂಡ್ತಿ? ಫೋಟೋ ಹೊಡಿತೀನಿ,” ಅಂದೆ.

“ಹುಚ್ಚ ಹಿಡದದ ಏನ್ ನಿನಗ?” ಅಂದವಳು ಎರಡು ದಿನ ಬಿಟ್ಟು ತಾನೇ ಇಳಕಲ್ ಸೀರೆ ಉಟ್ಟು ಬಂದಳು. ಕುರ್ಚಿ ಅಂಗಳಕ್ಕೆ ತರಿಸಿ, ಸೆರಗು ತಲೆ ತುಂಬ ಹೊದ್ದು ಕೂತಳು. ನಾನು ಮೊಬೈಲ್ ಎತ್ತಿದೆ. ಅವಳ ಎಡಗೈ ಸರಕ್ಕನೆ ಕುರ್ಚಿಯ ತೋಳು ಬಿಗಿಯಾಗಿ ಹಿಡಿಯಿತು.

“ಕೈ ಸಡ್ಲ ಬಿಡಬೇ.”

“ಬಿಡಂಗಿಲ್ಲ. ಫೋಟೋದಾಂವ ಕರೀ ಅರಿವ್ಯಾಗ ತಲಿ ಹೊಕ್ಕಸಿದಾಗ ನಮ್ಮವ್ವ ಅಂಜಿದ್ಳಂತ. ಬೀಳ್ತೀನೇನೋ ಅಂತ ಕುರ್ಚಿ ಹಿಡಕೊಂಡಾಳ. ನೂರು ಸಲ ಹೇಳಿ ನಗ್ತಿದ್ಳು.”

ನನಗದು ಗೊತ್ತೇ ಇರಲಿಲ್ಲ. ಒಳಗೆ ಹೋಗಿ ಹಾಳಾದ ಫೋಟೋ ತಂದೆ. ಮುಖವಿದ್ದಲ್ಲಿ ಕಂದು ಕಲೆ. ಕೆಳಗಿನ ಅರ್ಧಕ್ಕೆ ಏನೂ ಆಗಿರಲಿಲ್ಲ. ಎಡಗೈಯ ನಾಲ್ಕು ಬೆರಳು ಕುರ್ಚಿಯ ತೋಳಿಗೆ ಕಚ್ಚಿಕೊಂಡಿದ್ದವು. ಪರ್ಸಿ ಎತ್ತಿ ದಪ್ಪಗಾದ ಗಿಣ್ಣುಗಳು.

ಹೊಸ ಫೋಟೋ ಪ್ರಿಂಟ್ ಹಾಕಿಸಿ, ಹಳೆಯ ಫ್ರೇಮಿಗೇ ಹಾಕಲಾ ಅಂತ ಕೇಳಿದೆ. ಅವ್ವ ತಲೆ ಅಲ್ಲಾಡಿಸಿದಳು.

“ಅಕಿ ಜಾಗಾದಾಗ ನಾ ಬ್ಯಾಡ. ಅಕಿದು ಹಂಗೇ ಇರ್ಲಿ, ಮಾರಿ ಇಲ್ದಿದ್ರ ಇಲ್ಲ. ನಂದು ಬಾಜೂಕ ಹಚ್ಚು.”