ಅಂಗೈಯ ಬಿರುಕು

ಮೂರು ವರ್ಷಗಳ ಹಿಂದಿನ ಚಳಿಗಾಲದಲ್ಲಿ ನಮ್ಮ ಅಂಗೈಗಳು ಬಿರುಕುಬಿಟ್ಟವು. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ಮಜ್ಜನದ ನೀರೆರೆದೊಡನೆ ಉರಿ ತಡೆಯಲಾಗುತ್ತಿರಲಿಲ್ಲ. ವಿಭೂತಿ ಒಗ್ಗುತ್ತಿಲ್ಲವೇನೋ ಎಂದು ಮನೆಯವರು ಶಂಕಿಸಿದರು. ಬಾಲ್ಯದಿಂದ ಧರಿಸಿಬಂದ ವಿಭೂತಿಯನ್ನು ಈ ವಯಸ್ಸಿನಲ್ಲಿ ಬಿಡಬೇಕಾದೀತೇ ಎಂಬ ಚಿಂತೆ ನಮ್ಮನ್ನು ಕಾಡಿತು.

ಚರ್ಮವೈದ್ಯರು ಕೈ ನೋಡಿ, "ದಿನಕ್ಕೆ ಎಷ್ಟು ಸಲ ಸಾಬೂನು ಹಚ್ಚುತ್ತೀರಿ, ಶಾಸ್ತ್ರಿಗಳೆ?" ಎಂದರು. ಎಣಿಸಿದರೆ ಹತ್ತಕ್ಕೆ ಕಡಿಮೆಯಿರಲಿಲ್ಲ. ಚರ್ಮದ ಮೇಲ್ಪದರ ತುಸು ಆಮ್ಲೀಯವಾದುದು; ಸಾಮಾನ್ಯ ಸಾಬೂನು ಕ್ಷಾರೀಯ. ಅದು ಕೊಳೆಯೊಡನೆ ಚರ್ಮದ ಸಹಜ ಜಿಡ್ಡನ್ನೂ ಸೆಳೆದೊಯ್ಯುತ್ತದೆ. ದೋಷ ವಿಭೂತಿಯದಾಗಿರಲಿಲ್ಲ. ಶರಣರು ಮಡಿಮೈಲಿಗೆಯನ್ನು ನಿರಾಕರಿಸಿದರೆಂದು ಊರೂರಿಗೆ ಹೋಗಿ ಉಪನ್ಯಾಸ ಮಾಡುವ ನಾವೇ ಮಡಿಯ ಅತಿರೇಕಕ್ಕೆ ಸಿಲುಕಿದ್ದೆವು!

ವೈದ್ಯರು ಬರೆದುಕೊಟ್ಟ ದ್ರವದ ಸೀಸೆಯ ಮೇಲೆ 'ಡೆಸಿಲ್ ಗ್ಲುಕೋಸೈಡ್' ಎಂಬ ಹೆಸರಿತ್ತು. ತೆಂಗು ಮೊದಲಾದವುಗಳ ಎಣ್ಣೆಯಿಂದ ದೊರೆಯುವ ಕೊಬ್ಬಿನ ಆಲ್ಕೋಹಾಲನ್ನು, ಮೆಕ್ಕೆಜೋಳದಂತಹ ಧಾನ್ಯದ ಪಿಷ್ಟದಿಂದಾದ ಗ್ಲುಕೋಸಿನೊಡನೆ ಕೂಡಿಸಿ ಇದನ್ನು ತಯಾರಿಸುತ್ತಾರೆ. ಇದರ ಅಣುವಿನ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಸಕ್ಕರೆಯ ತುದಿ ನೀರನ್ನು ಹಿಡಿಯುತ್ತದೆ. ಆದ್ದರಿಂದಲೇ ಎಣ್ಣೆನೀರುಗಳನ್ನು ಬೆರೆಸಲೂ ಕೊಳೆ ತೆಗೆಯಲೂ ಇದು ಬರುತ್ತದೆ. ಚರ್ಮಕ್ಕೆ ಸೌಮ್ಯವೂ ಹೌದು. ಈ ಬಳಗದ ಸರಳ ಸಂಯುಕ್ತಗಳನ್ನು ಜರ್ಮನಿಯ ಎಮಿಲ್ ಫಿಷರ್ 1893ರಲ್ಲಿಯೇ ಸಿದ್ಧಪಡಿಸಿದ್ದರು.

ಇದನ್ನರಿತಾಗ ಮಠದ ಹಿತ್ತಲು ನೆನಪಾಯಿತು. ನಾವು ವಿದ್ಯಾರ್ಥಿಗಳಾಗಿದ್ದಾಗ ಹಿರಿಯ ಶಿಷ್ಯರೊಬ್ಬರು ಅಂಟುವಾಳದ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಅದರ ನೊರೆಯಲ್ಲಿ ಗುರುಗಳ ರೇಷ್ಮೆಯ ಶಾಲನ್ನು ತೊಳೆಯುತ್ತಿದ್ದರು. "ಉಜ್ಜಬ್ಯಾಡೋ ತಮ್ಮಾ, ಅದ್ದಿ ತಗಿ. ಕೊಳಿ ಹೋಗಬೇಕು, ನೂಲು ಉಳೀಬೇಕು" ಎನ್ನುತ್ತಿದ್ದರು. ಅಂಟುವಾಳದಲ್ಲಿರುವ ಸಪೋನಿನ್ ಕೂಡ ಸಕ್ಕರೆಯ ಅಂಶವುಳ್ಳ ಅಣುವೇ. ಅದರ ಕ್ರಮವೂ ಇದೇ.

ಮೂರು ವಾರಗಳಲ್ಲಿ ನಮ್ಮ ಅಂಗೈ ಕೂಡಿಕೊಂಡಿತು. ಆದರೂ ಸೌಮ್ಯವಾದುದೆಲ್ಲ ಸರ್ವರಿಗೂ ಹಿತವೆನ್ನಲಾಗದು. ಅಮೆರಿಕದ ಸ್ಪರ್ಶಜನ್ಯ ಚರ್ಮರೋಗತಜ್ಞರ ಸಂಘವು 2017ರಲ್ಲಿ ಈ ಗ್ಲುಕೋಸೈಡುಗಳನ್ನೇ ಆ ವರ್ಷದ ಅಲರ್ಜಿಕಾರಕವೆಂದು ಹೆಸರಿಸಿ ಎಚ್ಚರಿಸಿತು. ತುರಿಕೆ, ಕೆಂಪು ಕಂಡರೆ ಬಳಕೆ ನಿಲ್ಲಿಸಿ ವೈದ್ಯರನ್ನು ಕಾಣುವುದು ಲೇಸು.

ಈಗ ನಾವು ಅಗತ್ಯವಿದ್ದಾಗಲಷ್ಟೇ ಆ ದ್ರವದಿಂದ ಕೈತೊಳೆದು, ನೀರೊರಸಿ, ತುಸು ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತೇವೆ. ಮಜ್ಜನದ ನೀರು ಈಗ ಅಂಗೈಗೆ ತಂಪಾಗಿದೆ. ಹಣೆಯ ಮೇಲೆ ವಿಭೂತಿ ಎಂದಿನಂತಿದೆ.